ಕೈಕೆಲಸವನ್ನು ಎಲ್ಲಿ ಮಾರುವುದು, ಹೇಗೆ ಕಲಿಸುವುದು: ಕಲಾವಿದರಿಗೊಂದು ಹೋಲಿಕೆ

ಕಸೂತಿ ಹಾಕುವವರು, ಮೈಸೂರು ಶೈಲಿಯ ಚಿತ್ರ ಬರೆಯುವವರು, ಬಿದರಿ ಅಥವಾ ಚನ್ನಪಟ್ಟಣದ ಅರಗಿನ ಕೆಲಸ ಮಾಡುವವರು ಕೇಳುವ ಪ್ರಶ್ನೆ ಈಚೆಗೆ ಹೆಚ್ಚುಕಡಿಮೆ ಒಂದೇ ಬಗೆಯದಾಗಿರುತ್ತದೆ. ಅಮೆಜಾನ್‌ನಲ್ಲಿ ಅಂಗಡಿ ತೆರೆಯಬೇಕೇ, ಕೈಕೆಲಸದ ವಸ್ತುಗಳ ವಿದೇಶಿ ತಾಣವಾದ ಎಟ್ಸಿಗೆ ಹೋಗಬೇಕೇ, ಇನ್‌ಸ್ಟಾಗ್ರಾಂ ಒಂದೇ ಸಾಕೇ, ಸರ್ಕಾರದ ಕಾವೇರಿ ಮಳಿಗೆಗೆ ಕೊಟ್ಟು ನಿಶ್ಚಿಂತೆಯಿಂದ ಇರಬಹುದೇ, ಇಲ್ಲವೇ ಮಾರುವ ಗೊಡವೆಯನ್ನೇ ಬಿಟ್ಟು ಕಾರ್ಯಾಗಾರ ನಡೆಸುವುದು ಲೇಸೇ? ಇಂಥ ಪ್ರಶ್ನೆಗೆ ಉತ್ತರ ಹುಡುಕುವಾಗ ಎಲ್ಲರೂ ಮೊದಲು ನೋಡುವುದು ಕಮಿಷನ್ ಎಲ್ಲಿ ಕಡಿಮೆ ಎಂಬುದನ್ನು. ನನ್ನ ದೃಷ್ಟಿಯಲ್ಲಿ ಅದು ಮೂರನೆಯದೋ ನಾಲ್ಕನೆಯದೋ ಆಗಿ ಬರಬೇಕಾದ ಪ್ರಶ್ನೆ.

ಮೊದಲು ಕೇಳಬೇಕಾದದ್ದು ಕೊಂಡವರ ಹೆಸರು, ಫೋನ್ ನಂಬರು ಯಾರ ಬಳಿ ಉಳಿಯುತ್ತವೆ ಎಂಬುದು. ಕೈಕೆಲಸದ ವಸ್ತುವನ್ನು ಒಮ್ಮೆ ಮೆಚ್ಚಿ ಕೊಂಡವರು ಎರಡನೆಯ ಸಲ ಮದುವೆಯ ಉಡುಗೊರೆಗೆಂದೋ ಗೃಹಪ್ರವೇಶಕ್ಕೆಂದೋ ಹುಡುಕಿಕೊಂಡು ಬರುತ್ತಾರೆ, ಕಲಿಯುವುದಕ್ಕೂ ಬರುತ್ತಾರೆ. ಆ ಹೆಸರುಗಳು ತಾಣದವರ ಬಳಿಯೇ ಉಳಿದರೆ ಪ್ರತಿ ಮಾರಾಟವೂ ಹೊಸದಾಗಿ ಆರಂಭವಾಗಬೇಕು. ಎರಡನೆಯದು, ಒಂದೇ ವಸ್ತುವನ್ನು ಅದೇ ಅಳತೆ, ಅದೇ ಬಣ್ಣದಲ್ಲಿ ಮತ್ತೆ ಮತ್ತೆ ಮಾಡಿಕೊಡಲು ನಿಮ್ಮಿಂದ ಆಗುತ್ತದೆಯೇ ಎಂಬುದು. ಮೂರನೆಯದು, ಒಡೆದ ಅಥವಾ ಹಿಂದಿರುಗಿದ ಮಾಲಿನ ನಷ್ಟ ಯಾರ ತಲೆಗೆ ಎಂಬುದು. ಇವಕ್ಕೆ ಉತ್ತರ ಸಿಕ್ಕ ಮೇಲೆ ಕೈಗೆ ಉಳಿಯುವ ಹಣ ಎಷ್ಟು, ಅದು ಯಾವಾಗ ಬರುತ್ತದೆ, ಕಾಗದಪತ್ರದ ಹೊರೆ ಎಷ್ಟು ಎಂದು ಲೆಕ್ಕ ಹಾಕಬೇಕು. ಕಲಿಸಲು ಹೊರಟವರಿಗೆ ಇನ್ನೂ ಒಂದು ಪ್ರಶ್ನೆಯಿದೆ: ನಿಮ್ಮ ಕಸುಬು ದೂರದಿಂದ ಕಲಿಸುವಂಥದೇ?

ದೊಡ್ಡ ಮಾರುಕಟ್ಟೆ ತಾಣಗಳು

ಅಮೆಜಾನ್‌ನ ಕಾರೀಗರ್, ಫ್ಲಿಪ್‌ಕಾರ್ಟ್ 2019ರಲ್ಲಿ ಆರಂಭಿಸಿದ ಸಮರ್ಥ್ ಇವೆರಡೂ ಕುಶಲಕರ್ಮಿಗಳನ್ನು ಸೇರಿಸಿಕೊಳ್ಳಲೆಂದೇ ಇರುವ ಯೋಜನೆಗಳು. ಇವುಗಳಿಂದ ನಿಜವಾದ ಲಾಭ ಆಗುವುದು ಎಣಿಕೆಯಲ್ಲಿ ಕೆಲಸ ಮಾಡಬಲ್ಲವರಿಗೆ. ಚನ್ನಪಟ್ಟಣದಲ್ಲಿ ನಾಲ್ಕು ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಇಟ್ಟುಕೊಂಡು ಗಿಲಕಿ, ಬುಗುರಿ, ಕೀ ಚೈನ್‌ಗಳನ್ನು ನೂರರ ಲೆಕ್ಕದಲ್ಲಿ ತೆಗೆಯುವ ಮನೆಯವರಿಗೆ ಈ ದಾರಿ ಸರಿ. ವಾರಕ್ಕೊಂದು ಕುಶನ್ ಕವರಿಗೆ ಕಸೂತಿ ಹಾಕುವವರಿಗೆ ಇದು ಹೊಂದುವುದಿಲ್ಲ. ಲೆಕ್ಕವನ್ನೇ ನೋಡೋಣ. ಕವರಿನ ಬೆಲೆ 1,200 ರೂಪಾಯಿ ಎಂದಿಟ್ಟುಕೊಳ್ಳಿ. ಬಟ್ಟೆ ಮತ್ತು ದಾರಕ್ಕೆ 250, ಎರಡು ದಿನದ ಕೂಲಿ 800, ಉಳಿಯುವುದು 150. ತಾಣದ ಎಲ್ಲ ಶುಲ್ಕ ಸೇರಿ ಶೇಕಡ 15 ಹಿಡಿದರೂ 180 ರೂಪಾಯಿ ಹೋಗುತ್ತದೆ, ಅಂದರೆ ಪ್ಯಾಕಿಂಗಿನ ಖರ್ಚು ಬರುವ ಮೊದಲೇ 30 ರೂಪಾಯಿ ಕೈಬಿಟ್ಟಿರುತ್ತದೆ. ಇದರ ಮೇಲೆ ಒಬ್ಬರು ‘ಚಿತ್ರದಲ್ಲಿ ಕಂಡಷ್ಟು ಕೆಂಪಾಗಿಲ್ಲ’ ಎಂದು ವಾಪಸು ಕಳಿಸಿದರೆ ನಷ್ಟ ಇನ್ನಷ್ಟು ಬೆಳೆಯುತ್ತದೆ. ಇಂಥ ತಾಣಗಳಲ್ಲಿ ಗಿರಾಕಿಯ ಸಂಪರ್ಕವೂ ನಿಮ್ಮದಾಗುವುದಿಲ್ಲ. ಪೆಟ್ಟಿಗೆಯೊಳಗೆ ‘ಮುಂದಿನ ಸಲ ನೇರವಾಗಿ ನಮ್ಮನ್ನೇ ಕೇಳಿ’ ಎಂಬ ಚೀಟಿ ಇಡುವುದು ಅವರ ನಿಯಮಗಳಿಗೆ ವಿರುದ್ಧ.

ತೆರಿಗೆಯ ವಿಷಯವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆಯ್ಕೆ ಎಷ್ಟೋ ಸಲ ಇದರ ಮೇಲೆಯೇ ನಿಲ್ಲುತ್ತದೆ. ಕರಕುಶಲ ವಸ್ತುಗಳನ್ನು ತಾವೇ ನೇರವಾಗಿ ಹೊರರಾಜ್ಯಕ್ಕೆ ಮಾರುವವರಿಗೆ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿಯಿಂದ ವಿನಾಯಿತಿ ಇದೆ. ಪ್ಯಾನ್ ಇರಬೇಕು, ಬೆಲೆ ಎಷ್ಟೇ ಕಡಿಮೆಯಿದ್ದರೂ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ದಾಖಲೆ) ಮಾಡಬೇಕು. ಅದೇ ವಸ್ತುವನ್ನು ಮಾರುಕಟ್ಟೆ ತಾಣದ ಮೂಲಕ ಪುಣೆಗೋ ಚೆನ್ನೈಗೋ ಕಳಿಸಿದರೆ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕಾಗುತ್ತದೆ. 2023ರ ಅಕ್ಟೋಬರ್ 1ರಿಂದ ಸಣ್ಣ ಮಾರಾಟಗಾರರಿಗೆ ತಾಣಗಳ ಮೂಲಕವೂ ನೋಂದಣಿಯಿಲ್ಲದೆ ಮಾರಲು ಅವಕಾಶ ಸಿಕ್ಕಿತಾದರೂ ಅದು ತಮ್ಮ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ಈ ವ್ಯವಸ್ಥೆಯನ್ನು ಸರಳಗೊಳಿಸಲು ಜಿಎಸ್‌ಟಿ ಮಂಡಳಿ 2025ರ ಸೆಪ್ಟೆಂಬರ್‌ನಲ್ಲಿ ತಾತ್ವಿಕ ಒಪ್ಪಿಗೆ ಕೊಟ್ಟಿರುವುದರಿಂದ, ಅಂಗಡಿ ತೆರೆಯುವ ಮೊದಲು ಲೆಕ್ಕ ಬರೆಯುವವರನ್ನು ಒಮ್ಮೆ ಕೇಳಿ ಮುಂದುವರಿಯಿರಿ.

ಆಟಿಕೆ ಮಾಡುವವರಿಗೆ ಇನ್ನೊಂದು ತೊಡಕಿದೆ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಿಯ (ಊರಿನ ಹೆಸರಿನ ವಸ್ತುವಿಗೆ ಸಿಗುವ ಜಿಐ ಗುರುತಿನ) ಅಧಿಕೃತ ಬಳಕೆದಾರರಿಗೂ ಇದರಿಂದ ವಿನಾಯಿತಿ ಇದೆ. ಹೀಗಾಗಿ ಆ ಕಚೇರಿ ಕೊಡುವ ಗುರುತಿನ ಚೀಟಿಯಾದ ಪೆಹಚಾನ್ ಕಾರ್ಡ್ ಇಲ್ಲದ ಚನ್ನಪಟ್ಟಣದ ಕೆಲಸಗಾರರು ಯಾವ ತಾಣ ಎಂದು ಯೋಚಿಸುವ ಮೊದಲು ಆ ಕಾರ್ಡ್ ಮಾಡಿಸಿಕೊಳ್ಳಬೇಕು.

ಎಟ್ಸಿ: ಹೊರದೇಶದ ಗಿರಾಕಿ ಬೇಕೆಂದರೆ

ಕೈಕೆಲಸದ ವಸ್ತುಗಳನ್ನು ಹುಡುಕಿಕೊಂಡೇ ಬರುವ ಜನ ಸಿಗುವ ತಾಣಗಳಲ್ಲಿ ಎಟ್ಸಿ ಎಲ್ಲಕ್ಕಿಂತ ದೊಡ್ಡದು. ಒಂದು ವಸ್ತುವನ್ನು ನಾಲ್ಕು ತಿಂಗಳು ಪಟ್ಟಿಯಲ್ಲಿಡಲು 20 ಸೆಂಟ್, ಮಾರಾಟವಾದರೆ ಸಾಗಣೆಯ ಹಣವೂ ಸೇರಿದ ಮೊತ್ತದ ಮೇಲೆ ಶೇಕಡ 6.5, ಅದರ ಮೇಲೆ ಹಣ ಪಾವತಿಯ ಶುಲ್ಕ. 40 ಡಾಲರಿನ ವಸ್ತುವಿಗೆ 10 ಡಾಲರ್ ಸಾಗಣೆ ಸೇರಿದರೆ ಮಾರಾಟ ಶುಲ್ಕವೇ 3.25 ಡಾಲರ್. ಇಷ್ಟಾದರೆ ಚಿಂತೆಯಿಲ್ಲ. ಆದರೆ ಎಟ್ಸಿ ಬೇರೆ ತಾಣಗಳಲ್ಲಿ ಹಾಕುವ ಜಾಹೀರಾತಿನ ಮೂಲಕ ಗಿರಾಕಿ ಬಂದಿದ್ದರೆ ಇನ್ನೂ ಶೇಕಡ 15 ಕಡಿತವಾಗುತ್ತದೆ, ಅಂದರೆ ಅದೇ 50 ಡಾಲರಿನಲ್ಲಿ ಏಳೂವರೆ ಡಾಲರ್. ವರ್ಷದ ಮಾರಾಟ 10,000 ಡಾಲರ್ ತಲುಪದವರು ಈ ಜಾಹೀರಾತನ್ನು ನಿಲ್ಲಿಸಬಹುದು. ಅಂಗಡಿ ತೆರೆದ ದಿನವೇ ಆ ಗುಂಡಿಯನ್ನು ಹುಡುಕಿ ಒತ್ತಿಬಿಡುವುದು ಮೇಲು.

ಅಮೆರಿಕದ ಗಿರಾಕಿಗಳನ್ನೇ ನಂಬಿಕೊಳ್ಳುವ ಕಾಲ ಮಾತ್ರ ಬದಲಾಗಿದೆ. 800 ಡಾಲರಿಗಿಂತ ಕಡಿಮೆ ಬೆಲೆಯ ಪಾರ್ಸೆಲ್‌ಗಳು ಸುಂಕವಿಲ್ಲದೆ ಒಳಗೆ ಹೋಗುತ್ತಿದ್ದ ಸೌಲಭ್ಯ 2025ರ ಆಗಸ್ಟ್ 29ರಿಂದ ನಿಂತುಹೋಗಿದೆ. ಅದರ ಗೊಂದಲದಲ್ಲಿ ಭಾರತೀಯ ಅಂಚೆಯು ಅಲ್ಲಿಗೆ ಸರಕಿನ ಪಾರ್ಸೆಲ್‌ಗಳನ್ನು ಕೆಲವು ವಾರ ನಿಲ್ಲಿಸಿಯೂ ಇತ್ತು. ಸುಂಕ ಯಾರು ಕಟ್ಟಬೇಕು ಎಂಬುದನ್ನು ಪಟ್ಟಿಯಲ್ಲೇ ಬರೆಯದಿದ್ದರೆ ಗಿರಾಕಿ ಪಾರ್ಸೆಲನ್ನು ಒಪ್ಪಿಕೊಳ್ಳದೆ ಬಿಡುತ್ತಾನೆ, ವಸ್ತು ಸಮುದ್ರದಾಚೆಯೇ ಉಳಿಯುತ್ತದೆ. ಜೊತೆಗೆ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು, ಅದಕ್ಕೆ 500 ರೂಪಾಯಿ ಶುಲ್ಕ. ಮಕ್ಕಳ ಆಟಿಕೆ ಕಳಿಸುವವರಿಗೆ ಅಲ್ಲಿನ ಪ್ರಯೋಗಾಲಯದ ಪರೀಕ್ಷೆಯ ನಿಯಮಗಳೂ ಅನ್ವಯಿಸುತ್ತವೆ. ಹಗುರವಾದ, ಒಡೆಯದ, ಬೆಲೆ ಹೆಚ್ಚಿರುವ ವಸ್ತು ಇರುವವರಿಗೆ ಎಟ್ಸಿ ಈಗಲೂ ಹೊಂದುತ್ತದೆ. ಸಂಡೂರಿನ ಲಂಬಾಣಿ ಕಸೂತಿಯ ಚೀಲ, ಬಿದರಿಯ ಓಲೆ ಇಂಥವು. ಭಾರವಾದ ಹೂಜಿಗೂ ಗಾಜಿನ ಚೌಕಟ್ಟಿನ ಚಿತ್ರಕ್ಕೂ ಬೇಡ.

ಆಯ್ದು ಸೇರಿಸಿಕೊಳ್ಳುವ ತಾಣಗಳು, ಸರ್ಕಾರಿ ಮಳಿಗೆಗಳು

ಕರಕುಶಲಕ್ಕೇ ಮೀಸಲಾದ ಖಾಸಗಿ ತಾಣಗಳು ಎಲ್ಲರಿಗೂ ಬಾಗಿಲು ತೆರೆಯುವುದಿಲ್ಲ. ಗ್ವಾಲಿಯರ್‌ನ ಐಟೋಕ್ರಿ, ಗುಜರಾತಿನ ಓಖಾಮಂಡಲದ ಮಹಿಳೆಯರ ಕಸೂತಿಯಿಂದ ಬೆಳೆದ ಓಖಾಯ್, ಸಾಂಪ್ರದಾಯಿಕ ಕಲಾವಿದರ ಕೃತಿಗಳನ್ನು ಮಾರುವುದರ ಜೊತೆಗೆ ಅವರಿಂದಲೇ ಆನ್‌ಲೈನ್ ಪಾಠಗಳನ್ನೂ ಮಾಡಿಸುವ ಮೆಮೆರಾಕಿ ಇವೆಲ್ಲ ತಮ್ಮ ಅಭಿರುಚಿಗೆ ಒಪ್ಪುವವರನ್ನು ಆರಿಸಿಕೊಳ್ಳುತ್ತವೆ. ಫೋಟೊ, ಇಂಗ್ಲಿಷ್ ವಿವರಣೆ, ಗಿರಾಕಿಯ ದೂರು ಇವು ಯಾವುದೂ ತಲೆಗೆ ಬರಬಾರದು ಎನ್ನುವವರಿಗೆ ಇದು ದೊಡ್ಡ ಅನುಕೂಲ. ಪ್ರತಿಯಾಗಿ ನೀವು ಹೇಳಿದ ಬೆಲೆಗೂ ಅಲ್ಲಿ ಮಾರುವ ಬೆಲೆಗೂ ಅಂತರ ಇದ್ದೇ ಇರುತ್ತದೆ, ಅದಕ್ಕೆ ಬೇಸರ ಪಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಕೇಳಬೇಕಾದವು ಬೇರೆ ಇವೆ. ಮಾಲನ್ನು ಕೊಂಡುಕೊಳ್ಳುತ್ತಾರೋ, ಮಾರಾಟವಾದ ಮೇಲೆ ಹಣ ಕೊಡುತ್ತಾರೋ? ವಸ್ತುವಿನ ಜೊತೆಗೆ ಕಲಾವಿದರ ಹೆಸರು ಹಾಕುತ್ತಾರೋ? ಅದೇ ವಿನ್ಯಾಸವನ್ನು ಬೇರೆ ಕಡೆ ಮಾರಬಾರದೆಂಬ ಷರತ್ತು ಇದೆಯೋ? ಮೂರನೆಯದಕ್ಕೆ ‘ಹೌದು’ ಎಂಬ ಉತ್ತರ ಬಂದರೆ, ಅವರಿಗೆಂದೇ ಪ್ರತ್ಯೇಕ ವಿನ್ಯಾಸ ಮಾಡಿಕೊಡಿ, ತಲೆಮಾರಿನಿಂದ ಬಂದ ವಿನ್ಯಾಸವನ್ನು ಬರೆದುಕೊಡಬೇಡಿ.

ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಗಳಿಗೆ ಬೇರೆ ಯಾರಿಗೂ ಇಲ್ಲದ ಒಂದು ಬಲವಿದೆ: ಊರಿಗೆ ಬಂದ ಪ್ರವಾಸಿಗರು ಮತ್ತು ಉಡುಗೊರೆ ಹುಡುಕುವ ಕಚೇರಿಗಳು ಅಲ್ಲಿಗೆ ತಾವಾಗಿಯೇ ಹೋಗುತ್ತವೆ. ಬೀಟೆ ಮರದ ಕೆತ್ತನೆ, ಬಿದರಿ, ಶ್ರೀಗಂಧದಂಥ ಹೆಚ್ಚು ಬೆಲೆಯ ವಸ್ತುಗಳನ್ನು ಜನ ಕೈಯಲ್ಲಿ ಹಿಡಿದು ನೋಡದೆ ಕೊಳ್ಳುವುದು ಕಡಿಮೆ. ಅಂಥವಕ್ಕೆ ಕಾವೇರಿ ಇಂದಿಗೂ ಒಳ್ಳೆಯ ಸ್ಥಳ. ಹಣ ಬರುವ ಗಡುವನ್ನು ಮಾತ್ರ ಮೊದಲೇ ವಿಚಾರಿಸಿ, ಆ ಅವಧಿಗೆ ಸಾಕಾಗುವಷ್ಟು ಕಚ್ಚಾಮಾಲಿನ ದುಡ್ಡು ಕೈಯಲ್ಲಿರಲಿ. ಕೇಂದ್ರದ ಜವಳಿ ಸಚಿವಾಲಯದ ಇಂಡಿಯಾ ಹ್ಯಾಂಡ್‌ಮೇಡ್ ತಾಣ ಕುಶಲಕರ್ಮಿಗಳಿಂದ ಕಮಿಷನ್ ಪಡೆಯದೆ ನೇರ ಮಾರಾಟಕ್ಕೆ ಅವಕಾಶ ಕೊಡುತ್ತದೆ. ಪೆಹಚಾನ್ ಕಾರ್ಡ್ ಇದ್ದವರು ಅಲ್ಲಿ ಹೆಸರು ನೋಂದಾಯಿಸಿಡುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ, ಆದರೆ ಅದೊಂದನ್ನೇ ನಂಬಿ ಮನೆ ನಡೆಸುವಷ್ಟು ಗಿರಾಕಿಗಳು ಅಲ್ಲಿಗೆ ಬರುತ್ತಾರೆಂದು ನನಗೆ ಅನಿಸುವುದಿಲ್ಲ.

ನಿಮ್ಮದೇ ಪುಟ, ನಿಮ್ಮದೇ ಸಂತೆ

ಇನ್‌ಸ್ಟಾಗ್ರಾಂ ಮತ್ತು ವಾಟ್ಸ್‌ಆ್ಯಪ್‌ನಲ್ಲಿ ಮಾರುವುದಕ್ಕೆ ಶುಲ್ಕವಿಲ್ಲ ಎನ್ನುವುದು ಅರ್ಧ ಸತ್ಯ. ದಿನಕ್ಕೆ ಒಂದೂವರೆ ಗಂಟೆ ಫೋಟೊ, ಉತ್ತರ, ವಿಳಾಸ, ಕೊರಿಯರ್ ಎಂದು ಹೋಗುವ ಸಮಯವೇ ಅದರ ಶುಲ್ಕ. ಹಾಗಿದ್ದೂ ಒಂಟಿಯಾಗಿ ಕೆಲಸ ಮಾಡುವವರಿಗೆ, ಒಂದರಂತೆ ಇನ್ನೊಂದು ಇರದ ವಸ್ತು ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕೊಂಡವರ ಹೆಸರು ನಿಮ್ಮ ಪುಸ್ತಕದಲ್ಲೇ ಉಳಿಯುತ್ತದೆ. ಮುಂಗಡ ಪಡೆದು ಕೆಲಸ ಶುರುಮಾಡಬಹುದು, ಆದ್ದರಿಂದ ಬಂಡವಾಳ ಕಟ್ಟಿಹಾಕಿಕೊಳ್ಳಬೇಕಾಗಿಲ್ಲ. ‘ವಾಪಸು ಇಲ್ಲ, ಒಡೆದು ತಲುಪಿದರೆ ಮಾತ್ರ ಬದಲು’ ಎಂಬ ಷರತ್ತನ್ನು ನೀವೇ ಹಾಕಬಹುದು.

ಈ ದಾರಿ ಹಿಡಿದವರ ಯಶಸ್ಸು ಬಹುಪಾಲು ಫೋಟೊ ಮತ್ತು ಪ್ಯಾಕಿಂಗ್ ಇವೆರಡರ ಮೇಲೆ ನಿಂತಿದೆ. ಕಸೂತಿಯ ಫೋಟೊದಲ್ಲಿ ಬಟ್ಟೆಯ ಹಿಂಬದಿಯನ್ನೂ ತೋರಿಸಿ. ಗವಂತಿ ಮತ್ತು ಮುರ್ಗಿ ಹೊಲಿಗೆಗಳು ಗಂಟು ಹಾಕದೆ, ಎಳೆ ಎಣಿಸಿ ಹಾಕುವುದರಿಂದ ಎರಡೂ ಬದಿಯಲ್ಲಿ ಒಂದೇ ರೀತಿ ಕಾಣುತ್ತವೆ. ಯಂತ್ರದ ಕಸೂತಿಯನ್ನು ತಿರುಗಿಸಿದರೆ ದಾರದ ಗೋಜಲು ಕಾಣುತ್ತದೆ. ನಾಲ್ಕು ಸಾಲಿನ ವಿವರಣೆ ಮಾಡದ ಕೆಲಸವನ್ನು ಆ ಒಂದು ಫೋಟೊ ಮಾಡುತ್ತದೆ. ಬಿದರಿಯನ್ನು ಬಿಸಿಲಿನಲ್ಲಿ ಇಟ್ಟು ತೆಗೆದರೆ ಬೆಳ್ಳಿ ಹೊಳೆದು ಕಪ್ಪು ಬೂದಿಯಂತೆ ಕಾಣುತ್ತದೆ, ಕಿಟಕಿಯ ಪಕ್ಕದ ನೆರಳಿನ ಬೆಳಕೇ ಅದಕ್ಕೆ ಒಳ್ಳೆಯದು. ಮೈಸೂರು ಚಿತ್ರವನ್ನು ಕೊಳವೆಯಲ್ಲಿ ಸುರುಳಿ ಸುತ್ತಿ ಕಳಿಸುವ ಯೋಚನೆಯನ್ನೇ ಮಾಡಬೇಡಿ, ಚಿನ್ನದ ರೇಕಿನ ಕೆಳಗಿರುವ ಗೆಸ್ಸೊ ಎಂಬ ಉಬ್ಬು ಲೇಪ ಬಿರುಕು ಬಿಡುತ್ತದೆ. ಗಾಜು, ಚೌಕಟ್ಟು ಎರಡನ್ನೂ ಬಿಟ್ಟು, ಚಿತ್ರದ ಮುಖದ ಮೇಲೆ ಬಟರ್ ಪೇಪರ್ ಹೊದಿಸಿ, ಎರಡು ಪ್ಲೈವುಡ್ ಹಲಗೆಗಳ ನಡುವೆ ಚಪ್ಪಟೆಯಾಗಿ ಕಟ್ಟಿ ಕಳಿಸಿದರೆ ಸಾಗಣೆಯ ತೂಕವೂ ಇಳಿಯುತ್ತದೆ. ಚೌಕಟ್ಟನ್ನು ಗಿರಾಕಿ ತನ್ನೂರಿನಲ್ಲಿ ಹಾಕಿಸಿಕೊಳ್ಳಲಿ.

ಸಂತೆ ಮತ್ತು ಮೇಳಗಳು ಈ ಪುಟಕ್ಕೆ ಜನರನ್ನು ತರುವ ಜಾಗಗಳು. ಕರ್ನಾಟಕ ಚಿತ್ರಕಲಾ ಪರಿಷತ್ತು ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆ ಒಂದೇ ದಿನದ್ದು, ಆದರೆ ಆ ಒಂದು ದಿನದಲ್ಲಿ ನಿಮ್ಮ ಚಿತ್ರದ ಮುಂದೆ ನಿಲ್ಲುವಷ್ಟು ಜನ ವರ್ಷವಿಡೀ ಇನ್‌ಸ್ಟಾಗ್ರಾಂನಲ್ಲಿ ನಿಲ್ಲಲಾರರು. ಅರ್ಜಿ ತಿಂಗಳುಗಳ ಮೊದಲೇ ಹಾಕಬೇಕು, ಆಯ್ಕೆಯೂ ಇರುತ್ತದೆ. ದೊಡ್ಡ ಚಿತ್ರಗಳನ್ನು ಜನ ನೋಡುತ್ತಾರೆ, ಚಿಕ್ಕವನ್ನು ಕೊಂಡು ಕೈಯಲ್ಲಿ ಹಿಡಿದು ಮೆಟ್ರೊ ಹತ್ತುತ್ತಾರೆ. ಎರಡೂ ಬಗೆಯವು ಮಳಿಗೆಯಲ್ಲಿರಲಿ. ಚೌಕಾಸಿ ನಡೆದೇ ನಡೆಯುತ್ತದೆ. ಅಂದಿನ ಮಾರಾಟ ಕಡಿಮೆಯಾದರೂ ನೂರು ಜನರ ನಂಬರು ಪಡೆದು ಬಂದರೆ ಪ್ರಯಾಣದ ಖರ್ಚು ವ್ಯರ್ಥವಾಗುವುದಿಲ್ಲ.

ಕಲಿಸುವುದು

ಈಗ ಕಾರ್ಯಾಗಾರಗಳ ವಿಷಯ. ಹತ್ತು ಜನರಿಂದ ತಲಾ 900 ರೂಪಾಯಿ ಪಡೆದು ಒಂದು ದಿನದ ಕಸೂತಿ ಶಿಬಿರ ನಡೆಸುತ್ತೀರಿ ಎಂದಿಟ್ಟುಕೊಳ್ಳಿ. ಬಟ್ಟೆ, ಸೂಜಿ, ದಾರದ ಪೊಟ್ಟಣಕ್ಕೆ ತಲಾ 150, ಜಾಗದ ಬಾಡಿಗೆ 2,000, ಕಾಫಿ-ತಿಂಡಿಗೆ 500 ಕಳೆದರೆ 5,000 ರೂಪಾಯಿ ಉಳಿಯುತ್ತದೆ. ಮೇಲೆ ಹೇಳಿದ ಕುಶನ್ ಕವರುಗಳಿಂದ ಇಷ್ಟು ದುಡಿಯಲು ಎಷ್ಟು ದಿನ ಬೇಕು ಎಂದು ನೀವೇ ಲೆಕ್ಕ ಹಾಕಿಕೊಳ್ಳಿ. ಇದಕ್ಕಿಂತ ಮುಖ್ಯವಾದ ಲಾಭ ಬೇರೆಯಿದೆ: ಒಂದು ಗೋಪುರದ ವಿನ್ಯಾಸ ಮುಗಿಸಲು ಒಂದು ಇಡೀ ಮಧ್ಯಾಹ್ನ ಹೆಣಗಾಡಿದವರು ಸೀರೆಯ ಬೆಲೆ ಕೇಳಿ ‘ಇಷ್ಟೊಂದೇ?’ ಎನ್ನುವುದಿಲ್ಲ. ಹಾಗೆಂದು ಕಲಿಸುವುದು ಎಲ್ಲರಿಗೂ ಒಗ್ಗುತ್ತದೆ ಎನ್ನಲಾಗದು. ಮಾತು ಬಾರದ, ತಪ್ಪನ್ನು ಹತ್ತು ಸಲ ತಿದ್ದುವ ತಾಳ್ಮೆಯಿಲ್ಲದ ಒಳ್ಳೆಯ ಕೆಲಸಗಾರರು ಬೇಕಾದಷ್ಟಿದ್ದಾರೆ. ಅವರು ಬಲವಂತದಿಂದ ಪಾಠಕ್ಕೆ ಇಳಿಯಬೇಕಾಗಿಲ್ಲ.

ಯಾವ ಕಸುಬನ್ನು ಎಲ್ಲಿ ಕಲಿಸಬಹುದು ಎಂಬುದನ್ನು ವಸ್ತುವೇ ತೀರ್ಮಾನಿಸುತ್ತದೆ. ಕಸೂತಿ ಮತ್ತು ಗೋಡೆಯ ಮೇಲೆ ಬರೆಯುವ ಮಲೆನಾಡಿನ ಹಸೆ ಚಿತ್ತಾರ ಇವೆರಡೂ ಆನ್‌ಲೈನ್ ಪಾಠಕ್ಕೆ ಹೇಳಿಮಾಡಿಸಿದಂತಿವೆ. ಚಿತ್ತಾರಕ್ಕೆ ಬೇಕಾದ ಕೆಮ್ಮಣ್ಣು, ಅಕ್ಕಿಯ ಬಿಳಿ, ಪುಂಡಿನಾರಿನ ಕುಂಚ ಎಲ್ಲವನ್ನೂ ಚಿಕ್ಕ ಪೊಟ್ಟಣ ಕಟ್ಟಿ ಅಂಚೆಯಲ್ಲಿ ಕಳಿಸಬಹುದು. ಕೈಯ ಚಲನೆಯನ್ನು ಮೇಲಿನಿಂದ ತೋರಿಸುವ ಒಂದು ಕ್ಯಾಮೆರಾ ಸಾಕು. ಬೆಂಗಳೂರಿನಲ್ಲಿ ಶನಿವಾರ ಬೆಳಗ್ಗೆ ಏಳೂವರೆಗೆ ಪಾಠ ಇಟ್ಟರೆ ಬೇಸಿಗೆಯ ತಿಂಗಳುಗಳಲ್ಲಿ ಕ್ಯಾಲಿಫೋರ್ನಿಯಾದ ಕನ್ನಡದ ಮನೆಗಳಲ್ಲಿ ಶುಕ್ರವಾರ ಸಂಜೆ ಏಳು ಗಂಟೆ, ಮಕ್ಕಳ ಜೊತೆ ಕೂರಲು ಸರಿಯಾದ ಸಮಯ. ಹೊರದೇಶದಿಂದ ಹಣ ಪಡೆಯಲು ಪೇಪಾಲ್ ಇದೆ, ಶುಲ್ಕ ಹಿಡಿದು ಬೆಲೆ ಹೇಳಿ. ಬಿದರಿಯ ಮಾತೇ ಬೇರೆ. ಅದರ ಮೂಲ ಲೋಹವಾದ ಸತುವು ಕರಗುವುದೇ 419 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎರಕವನ್ನೂ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬರಿಸುವುದನ್ನೂ ಕಾರ್ಖಾನೆಗೆ ಬಂದು ನೋಡಬೇಕೇ ಹೊರತು ಅಡುಗೆಮನೆಯಲ್ಲಿ ಮಾಡಲಾಗದು. ಚನ್ನಪಟ್ಟಣದ ಲೇತ್ ಕೆಲಸವೂ ಹಾಗೆಯೇ: ತಿರುಗುವ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಏರುವುದನ್ನು ಕಣ್ಣೆದುರಿಗೆ ಕಂಡವರು ಬರಿಗೈಯಲ್ಲಿ ಹಿಂದಿರುಗುವುದಿಲ್ಲ, ಆದರೆ ಅವರ ಕೈಗೆ ಉಳಿ ಕೊಡುವಾಗ ಪಕ್ಕದಲ್ಲಿ ಒಬ್ಬರು ನಿಂತೇ ಇರಬೇಕು. ಇಂಥ ಕಸುಬಿನವರು ಬೆಂಗಳೂರು–ಮೈಸೂರು ದಾರಿಯಲ್ಲಿ ಹೋಗುವವರನ್ನು ಎರಡು ಗಂಟೆ ನಿಲ್ಲಿಸಿಕೊಳ್ಳುವ ಚಿಕ್ಕ ಶಿಬಿರಗಳನ್ನು ನಡೆಸುವುದು ಜಾಣತನ.

ನೇರಪಾಠವೋ ಮೊದಲೇ ವಿಡಿಯೊ ಚಿತ್ರೀಕರಿಸಿಟ್ಟ ಪಾಠವೋ ಎಂಬ ಗೊಂದಲವೂ ಹಲವರಿಗಿದೆ. ಚಿತ್ರೀಕರಿಸಿಟ್ಟದ್ದು ನೀವು ಮಲಗಿದ್ದಾಗಲೂ ಮಾರಾಟವಾಗುತ್ತದೆ ಎಂಬ ಆಸೆ ಸಹಜವಾದರೂ, ಅದನ್ನು ಒಬ್ಬರು ಕೊಂಡು ಹತ್ತು ಜನಕ್ಕೆ ಹಂಚುವುದನ್ನು ತಡೆಯುವ ಉಪಾಯ ನಿಮ್ಮ ಬಳಿ ಇಲ್ಲ. ಮೊದಲ ಹಂತದ ಪಾಠವನ್ನು ಚಿತ್ರೀಕರಿಸಿ ಉಚಿತವಾಗಿಯೇ ಹಾಕಿಬಿಡಿ, ತಿದ್ದುವಿಕೆ ಬೇಕಾಗುವ ಎರಡನೆಯ ಹಂತಕ್ಕೆ ನೇರಪಾಠ ಇಟ್ಟು ಅದಕ್ಕೆ ಶುಲ್ಕ ಪಡೆಯಿರಿ. ಬುಕ್‌ಮೈಶೋ ಥರದ ಟಿಕೆಟ್ ತಾಣಗಳು ಹೊಸಬರನ್ನು ತರುತ್ತವೆ. ಬಂದವರ ಹೆಸರನ್ನು ಅಂದೇ ಬರೆದುಕೊಂಡರೆ ಮುಂದಿನ ಶಿಬಿರಕ್ಕೆ ಆ ತಾಣದ ಅಗತ್ಯ ಕಡಿಮೆಯಾಗುತ್ತದೆ. ತೆರಿಗೆಯ ಒಂದು ಸೂಕ್ಷ್ಮ ಇಲ್ಲಿಯೂ ಇದೆ: ಕರ್ನಾಟಕದೊಳಗೆ ಬರೀ ಸರಕು ಮಾರುವವರಿಗೆ ನೋಂದಣಿಯ ಮಿತಿ 40 ಲಕ್ಷ, ಪಾಠದಂಥ ಸೇವೆಯೂ ಸೇರಿದರೆ ಒಟ್ಟು ವಹಿವಾಟಿನ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ.

ಯಾರಿಗೆ ಯಾವುದು

ಕೈಯಲ್ಲಿ ಐದು ಸಾವಿರಕ್ಕಿಂತ ಹೆಚ್ಚು ಬಂಡವಾಳವಿಲ್ಲದೆ ಮನೆಯಲ್ಲೇ ಕಸೂತಿ ಅಥವಾ ಚಿತ್ತಾರ ಮಾಡುವವರು ವಾಟ್ಸ್‌ಆ್ಯಪ್ ಗುಂಪಿನಿಂದ ಆರಂಭಿಸಿ, ತಿಂಗಳಿಗೊಂದು ಶಿಬಿರ ನಡೆಸಲಿ. ಜಿಎಸ್‌ಟಿ ನೋಂದಣಿಯ ಅಗತ್ಯ ಬೀಳುವವರೆಗೆ ದೊಡ್ಡ ತಾಣಗಳತ್ತ ನೋಡಬೇಕಾಗಿಲ್ಲ. ಚಿತ್ರ ಬರೆಯುವವರಿಗೆ ವರ್ಷಕ್ಕೊಂದು ಚಿತ್ರಸಂತೆ ಮತ್ತು ಸ್ವಂತ ಪುಟ ಸಾಕು, ಬೆಲೆ ಐವತ್ತು ಸಾವಿರ ದಾಟುವ ಕೃತಿಗಳನ್ನು ಗ್ಯಾಲರಿಯವರಿಗೆ ಬಿಡಬಹುದು. ಬಿದರಿಯ ಮನೆಗಳು ದೊಡ್ಡ ವಸ್ತುಗಳಿಗೆ ಕಾವೇರಿಯನ್ನೂ ಚಿಕ್ಕ ಒಡವೆಗಳಿಗೆ ಎಟ್ಸಿ ಅಥವಾ ಆಯ್ದ ತಾಣವೊಂದನ್ನೂ ಇಟ್ಟುಕೊಂಡರೆ ಒಂದರ ಹಣ ತಡವಾದಾಗ ಇನ್ನೊಂದು ಕೈಹಿಡಿಯುತ್ತದೆ.

ಮಕ್ಕಳು ಓದಿ ಪಟ್ಟಣ ಸೇರಿ, ತಂದೆ ಇನ್ನೂ ಲೇತ್ ಮುಂದೆ ಕೂರುವ ಚನ್ನಪಟ್ಟಣದ ಮನೆಯಂಥವಕ್ಕೆ ಮಾತ್ರ ದೊಡ್ಡ ತಾಣ ನಿಜಕ್ಕೂ ಅನುಕೂಲ. ಆರ್ಡರು, ಬಿಲ್ಲು, ಜಿಎಸ್‌ಟಿಯನ್ನು ಮಗಳೋ ಮಗನೋ ಬೆಂಗಳೂರಿನಿಂದಲೇ ನೋಡಿಕೊಳ್ಳಬಹುದು. ಆದರೆ ತಿಂಗಳಿಗೆ ಇಂತಿಷ್ಟು ಎಂದು ಒಪ್ಪಿಕೊಳ್ಳುವ ಮೊದಲು, ಒಣಗಿದ ಆಲೆ ಮರ ಮನೆಯಲ್ಲಿ ಎಷ್ಟಿದೆ ಎಂದು ತಂದೆಯನ್ನು ಕೇಳಿ ಆಮೇಲೆ ಸಂಖ್ಯೆ ಹಾಕಲಿ; ಹಸಿ ಮರದಲ್ಲಿ ತಿರುಗಿಸಿದ ಆಟಿಕೆ ಬಿರಿದು ವಾಪಸು ಬಂದರೆ ತಾಣದಲ್ಲಿ ಬೀಳುವ ಒಂದು ನಕ್ಷತ್ರದ ವಿಮರ್ಶೆಯನ್ನು ಯಾರೂ ಅಳಿಸಲಾರರು.